ಬೀಗರ ಕೋಟೆಯೂ ನನ್ನ ಸಂಶೋಧನೆಯೂ

ಆಧಾರವಿಲ್ಲದ ಯಾವ ಮಾತನ್ನೂ ಒಪ್ಪದಿರುವುದು ನನ್ನ ಸ್ವಭಾವ. ದಾವಣಗೆರೆಯಲ್ಲಿ ಕೈಗಡಿಯಾರ ರಿಪೇರಿ ಮಾಡಿ ಬದುಕು ಸಾಗಿಸಿದವನು ನಾನು. ಗಡಿಯಾರ ಹೇಳಿದ ಮಾತ್ರಕ್ಕೆ ಗಂಟೆ ಅಷ್ಟೇ ಎಂದು ನಂಬಬಾರದೆಂಬುದನ್ನು ವೃತ್ತಿಯೇ ಕಲಿಸಿತು. ಹತ್ತನೆಯ ತರಗತಿಯಲ್ಲಿ ಶಾಲೆ ನನ್ನನ್ನು ಕೈಬಿಟ್ಟ ಮೇಲೆ, ಉಳಿದ ವಿದ್ಯೆಯನ್ನು ಗ್ರಂಥಾಲಯದ ಬೆಂಚಿನ ಮೇಲೆ ನನಗೆ ನಾನೇ ಬೋಧಿಸಿಕೊಂಡೆ. ಗುರುವೂ ಶಿಷ್ಯನೂ ನಾನೇ ಆದುದರಿಂದ ತಪ್ಪು ತಿದ್ದುವವರು ಯಾರೂ ಇರಲಿಲ್ಲ!

ಇಷ್ಟು ವಿದ್ವತ್ತನ್ನು ಹೊತ್ತುಕೊಂಡು ಮಗಳು ಮೇಘನಾಳ ಮದುವೆಗೆಂದು ಟೋಕಿಯೋದ ನಿಶಿ ಕಸಾಯಿಗೆ ಪತ್ನಿ ಸುಶೀಲೆಯೊಡನೆ ಬಂದಿಳಿದೆ. ವರ ಈಯನ್ ಮ್ಯಾಕ್‌ರೇ, ಇಲ್ಲಿಯೇ ಇಂಗ್ಲಿಷ್ ಕಲಿಸುವ ಅಮೆರಿಕದ ಹುಡುಗ. ಸಾಧು ಪ್ರಾಣಿ. ತಂದೆ ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದವರು ಅಜ್ಜಿ ಮಾರ್ಗರೆಟ್.

ಪುರೋಹಿತರು ಶ್ರೀಧರ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಮಂತ್ರ. ಅವರು ಒಂದು ಸಂಜೆ ಬಂದು, "ಕನ್ಯಾದಾನಕ್ಕೆ ವರನ ಮೂರು ತಲೆಮಾರಿನ ಹೆಸರು ಬೇಕು ಸರ್. ಗೋತ್ರದ ಚಿಂತೆ ಬೇಡ, ಗೊತ್ತಿಲ್ಲದವರಿಗೆಲ್ಲ ಕಾಶ್ಯಪ" ಎಂದರು.

ಈಯನ್ ಪಟಪಟನೆ ಹೇಳಿದ. ತಂದೆ ಅಲೆಕ್ಸಾಂಡರ್, ತಾತ ವಿಲಿಯಂ, ಮುತ್ತಾತ ಮತ್ತೆ ಅಲೆಕ್ಸಾಂಡರ್. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ಅವನು ಹೆಮ್ಮೆಯಿಂದ ಮುಂದುವರಿಸಿದ: "ಮುತ್ತಾತ ಸ್ಕಾಟ್ಲೆಂಡಿನ ಒಂದು ಕೋಟೆಯಿಂದ ಬಂದವರು ಅಂಕಲ್. ಪ್ರೀತಿಸಿದವಳಿಗಾಗಿ ಕೋಟೆ ಬಿಟ್ಟು ಹಡಗು ಹತ್ತಿದರಂತೆ."

"ಅಂತೆ!" ಎಂದೆ ನಾನು.

ಸುಶೀಲೆ ನನ್ನ ಮುಖ ನೋಡಿದಳು. ನಲವತ್ತು ವರ್ಷದ ಅನುಭವ. "ಶುರುವಾಯ್ತು. ರೀ, ಹುಡುಗ ಒಳ್ಳೆಯವನು. ಅವರ ಮುತ್ತಾತ ಕೋಟೇಲಿದ್ರೇನು, ಕೊಟ್ಟಿಗೇಲಿದ್ರೇನು? ಸುಮ್ಮನಿರಿ."

"ಅಗ್ನಿಸಾಕ್ಷಿಯಾಗಿ ಉಚ್ಚರಿಸುವ ಹೆಸರು. ಪರಿಶೀಲನೆ ಅತ್ಯಗತ್ಯ."

"ಅಗ್ನಿ ಕೇಳ್ತಾ ನಿಮ್ಮನ್ನ?"

ಕೇಳಿರಲಿಲ್ಲ. ಆದರೂ ಮಾರನೆಯ ದಿನ ಮಗಳ ಲ್ಯಾಪ್‌ಟಾಪಿನ ಮುಂದೆ ಆಸೀನನಾದೆ. ನನ್ನ ವಿಧಾನ ಶುದ್ಧ ಶಾಸ್ತ್ರೀಯ. ನಮ್ಮಲ್ಲಿ ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಸ್ಕಾಟ್ಲೆಂಡಿನವರದ್ದೂ ಅದೇ ಪದ್ಧತಿಯೆಂದು ಎಲ್ಲಿಯೋ ಓದಿದ್ದೆ. ಹಾಗಾದರೆ ಈಯನ್‌ನ ಊರಿಗೆ ವಲಸೆ ಬಂದ ಒಬ್ಬ ಅಲೆಕ್ಸಾಂಡರ್ ಮ್ಯಾಕ್‌ರೇ, ಅವನ ಮಗ ವಿಲಿಯಂ, ಮೊಮ್ಮಗ ಅಲೆಕ್ಸಾಂಡರ್ ಸಿಕ್ಕಿದರೆ ಮುಗಿಯಿತು. ವಂಶಾವಳಿಯ ಜಾಲತಾಣದಲ್ಲಿ ಮಧ್ಯಾಹ್ನದ ಊಟದೊಳಗೆ ಮೂವರೂ ಸಿಕ್ಕಿಬಿಟ್ಟರು! ವಲಸೆ ಬಂದವನು ಹಡಗಿನಲ್ಲಿ ಅಡುಗೆಯವನಾಗಿದ್ದು, ಇಳಿದ ಮೇಲೆ ಬೇಕರಿ ತೆರೆದವನು. ಕೋಟೆಯ ಒಂದು ಕಲ್ಲೂ ಇಲ್ಲ!

ವಂಶದ ಈಗಿನ ಹಿರಿಯ, ಡಗ್ಲಸ್ ಎಂಬಾತ, ಅದೇ ಜಾಲತಾಣದಲ್ಲಿದ್ದ. ನಾನು ಪರಿಚಯ ಹೇಳಿಕೊಂಡು ಬರೆದೆ. ಬೀಗರೆಂದ ಮೇಲೆ ಕರೆಯದೆ ಮಾತು ಮುಗಿಸುವುದುಂಟೆ? "ತಾವು ಸಕುಟುಂಬ ಸಪರಿವಾರರಾಗಿ ಆಗಮಿಸಬೇಕು, ಇದು ತಮ್ಮದೇ ಮನೆಯ ಮದುವೆಯೆಂದು ಭಾವಿಸಬೇಕು" ಎಂಬುದನ್ನು ನನ್ನ ಇಂಗ್ಲಿಷಿಗೆ ಎಟುಕಿದಷ್ಟು ಇಳಿಸಿದೆ. ನಮ್ಮ ಕಡೆ ಇಂಥ ಕರೆಗೆ "ಆಗಲಿ, ನೋಡೋಣ" ಎಂದು ಉತ್ತರ ಬರುತ್ತದೆ. ಯಾರೂ ನೋಡುವುದಿಲ್ಲ.

ಡಗ್ಲಸ್‌ನಿಂದ ಉತ್ತರ ಬಂತು. ಹದಿನಾಲ್ಕು ಜನಕ್ಕೆ ವಿಮಾನದ ಟಿಕೆಟ್ ಆಗಿದೆಯಂತೆ!

ಮದುವೆಯ ಸಭಾಂಗಣದ ಮೇಲ್ವಿಚಾರಕಿ ಮೋರಿ-ಸಾನ್ ಎದುರು ನಿಂತು ಇನ್ನೂ ಹದಿನಾಲ್ಕು ಕುರ್ಚಿ ಬೇಕೆಂದೆ. ಆಕೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಹಲ್ಲಿನ ಸಂದಿಯಿಂದ ನಿಧಾನವಾಗಿ ಉಸಿರೆಳೆದು, "ಸುಮಿಮಾಸೆನ್..." ಎಂದು ಕ್ಷಮೆ ಕೇಳಿದರು. ಈ ದೇಶದಲ್ಲಿ ಆ ಉಸಿರಿನ ಅರ್ಥ ಒಂದೇ: ಪ್ರಳಯವಾದರೂ ಆಗುವುದಿಲ್ಲ. ಕುರ್ಚಿಗೊಂದು ಹೆಸರು, ಹೆಸರಿಗೊಂದು ಊಟ, ಎರಡೂ ಎಂದೋ ನಿಗದಿಯಾಗಿವೆ. "ಪಂಕ್ತಿ ಎರಡು ಸಲ ಹಾಕಿದರಾಯಿತು" ಎಂಬ ನಮ್ಮ ಪರಿಹಾರವನ್ನು ಮೇಘನಾ ಅನುವಾದಿಸಲು ನಿರಾಕರಿಸಿದಳು.

ಆದರೂ ನಾನು ಧೃತಿಗೆಡಲಿಲ್ಲ. ಭಾನುವಾರ ಅಜ್ಜಿ ಮಾರ್ಗರೆಟ್ ವೀಡಿಯೊ ಕರೆಯಲ್ಲಿ ಬಂದಾಗ ಗಂಟಲು ಸರಿಪಡಿಸಿಕೊಂಡು ಸಂಶೋಧನೆಯನ್ನು ಮಂಡಿಸಿದೆ. ಬೇಕರಿ, ಡಗ್ಲಸ್, ಹದಿನಾಲ್ಕು ಟಿಕೆಟ್.

ಪರದೆ ಹೆಪ್ಪುಗಟ್ಟಿತೆಂದುಕೊಂಡೆ. ಹೆಪ್ಪುಗಟ್ಟಿದ್ದು ಅಜ್ಜಿ.

"ಯಾವ ಡಗ್ಲಸ್? ಬೇಕರಿ ಡಗ್ಲಸ್? ಅವರು ಬೇರೆ ಮ್ಯಾಕ್‌ರೇ! ನಮಗೂ ಅವರಿಗೂ ರಕ್ತಸಂಬಂಧವಿಲ್ಲ, ಮಾತೂ ಇಲ್ಲ."

"ಆದರೆ ಅಲೆಕ್ಸಾಂಡರ್, ವಿಲಿಯಂ..."

"ನಮ್ಮೂರಲ್ಲಿ ಕಲ್ಲೆಸೆದರೆ ಅಲೆಕ್ಸಾಂಡರ್ ತಲೆಗೆ ಬೀಳುತ್ತೆ. ಗುರಿ ತಪ್ಪಿದರೆ ವಿಲಿಯಂ ತಲೆಗೆ! ಆ ಡಗ್ಲಸ್ ತನ್ನ ಮಗಳ ಮದುವೆಗೆ ಊರನ್ನೆಲ್ಲ ಕರೆದು ನನ್ನನ್ನು ಬಿಟ್ಟ. ಅವನು ಬರುವ ಮದುವೆಗೆ ನಾನು ಬರುವುದಿಲ್ಲ."

ಕರೆ ಕಡಿದುಹೋಯಿತು. ಈಯನ್ ಎದ್ದು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವನ ಕಡೆಯಿಂದ ಮಂಟಪದ ಬಳಿ ನಿಲ್ಲಬೇಕಾಗಿದ್ದುದು ಆ ಒಂದೇ ಜೀವ.

"ಅಪ್ಪಾ, ಅಜ್ಜಿ ಬರ್ಲಿಲ್ಲ ಅಂದ್ರೆ ಅವನು ತಾಳಿ ಕಟ್ಟೋವಾಗ ನಗೋದೂ ಇಲ್ಲ. ನೀವೇ ಸರಿ ಮಾಡಿ" ಎಂದಳು ಮಗಳು, ತಣ್ಣಗೆ. ಬೈದಿದ್ದರೆ ಸಹಿಸಬಹುದಿತ್ತು.

ಕರೆದವರನ್ನು ಬರಬೇಡಿರೆನ್ನಲು ನನ್ನ ನಾಲಿಗೆ ಏಳದು. ಆಗ ಸುಶೀಲೆ ಪಾತ್ರೆ ತೊಳೆಯುತ್ತಲೇ ಅಂದಳು: "ನಮ್ಮ ಕಡೆ ಕರೆಯೋದು ಬಿಟ್ಟುಹೋದ್ರೆ ಏನ್ಮಾಡ್ತಾರೆ? ಮನೆ ಬಾಗಿಲಿಗೆ ಹೋಗಿ ಅಕ್ಷತೆ ಕೊಟ್ಟು ಕರೀತಾರೆ. ಆ ಬೇಕರಿಯವನಿಗೆ ಕಾಲಿಲ್ವಾ?"

ಡಗ್ಲಸ್‌ಗೆ ಎಲ್ಲವನ್ನೂ ಬಿಡಿಸಿ ಬರೆದೆ. ತಪ್ಪು ನನ್ನದು, ಆದರೂ ತಾವು ನಮ್ಮ ಕಡೆಯವರಾಗಿ ಮಾರ್ಗರೆಟ್ ಅವರ ಮನೆಗೆ ಹೋಗಿ ಮದುವೆಗೆ ಕರೆಯಬೇಕು. ಅಕ್ಷತೆ ಇಲ್ಲದಿದ್ದರೆ ಕೇಕ್ ಸಾಕು. ಪುಣ್ಯಾತ್ಮ ಹೋದ! ಕೇಕ್ ಹಿಡಿದು ಬಾಗಿಲು ತಟ್ಟಿ, ಅಜ್ಜಿಯನ್ನು ಅವರದೇ ಮೊಮ್ಮಗನ ಮದುವೆಗೆ ಆಹ್ವಾನಿಸಿದ!

ಆ ಸಂಜೆಯೇ ಪರದೆಯ ಮೇಲೆ ಅಜ್ಜಿ ಗುಡುಗಿದರು. "ನನ್ನ ಮೊಮ್ಮಗನ ಮದುವೆಗೆ ನನ್ನನ್ನು ಕರೆಯಲು ಇವನು ಯಾರು? ಮನೆಯ ಯಜಮಾನಿ ನಾನು! ಬಾಗಿಲಲ್ಲಿ ನಿಂತು ಅವರನ್ನು ಸ್ವಾಗತಿಸುವವಳು ನಾನು!" ಅನಂತರ ಸ್ವಲ್ಪ ತಗ್ಗಿದ ದನಿಯಲ್ಲಿ, "ಕೇಕ್ ಪರವಾಗಿಲ್ಲ" ಎಂದರು. ಬಾಲ್ಕನಿಯ ಬಾಗಿಲಲ್ಲಿ ಈಯನ್ ನಗುತ್ತಿದ್ದ.

ಮದುವೆ ಸಾಂಗವಾಗಿ ನೆರವೇರಿತು. ಅಜ್ಜಿ ಬಾಗಿಲಲ್ಲಿ ನಿಂತು ಡಗ್ಲಸ್‌ನ ಮೇಲೆ ಪನ್ನೀರು ಚಿಮುಕಿಸಿದರು, ಅಗತ್ಯಕ್ಕಿಂತ ತುಸು ಹೆಚ್ಚಾಗಿಯೇ. ಹೆಣ್ಣಿನ ಕಡೆಯ ಹದಿನಾಲ್ಕು ಮಂದಿ ತಮ್ಮ ಕುರ್ಚಿಯನ್ನೂ ಊಟವನ್ನೂ ಬೇಕರಿಯವರಿಗೆ ಬಿಟ್ಟುಕೊಟ್ಟರು. ಅವರ ಮುಂದಾಳುವಾಗಿ ನಾನು ಪಕ್ಕದ ಕೊಂಬಿನಿ ಅಂಗಡಿಯ ಎದುರು ನಿಂತು, ಕಡಲಪಾಚಿ ಸುತ್ತಿದ ಅನ್ನದ ಉಂಡೆ ತಿಂದೆ. ವಧುವಿನ ತಂದೆಗೆ ಸಂದ ಗೌರವ!

ಅಜ್ಜಿ ಅಲ್ಲಿಗೂ ಹುಡುಕಿಕೊಂಡು ಬಂದರು. "ಮಾವನವರಿಗೆ, ಈಯನ್‌ನ ಆ ಮುತ್ತಾತನಿಗೆ, ಕೊನೆಯ ತನಕ ಗಂಜಿ ಬಡಿಸಿದವಳು ನಾನು. ನನ್ನನ್ನು ಏಕೆ ಕೇಳಲಿಲ್ಲ?"

"ತಾವು ಕುಟುಂಬದವರು. ಕುಟುಂಬದವರ ಮಾತು ಆಧಾರವಾಗದು" ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೂ ಬೀಳಬಾರದಿತ್ತು ಎನಿಸಿತು.

ಅಜ್ಜಿ ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಕೋಟೆ ಇತ್ತು. ಅಲ್ಲಿ ಅವರು ಕೋಳಿ ಕಾಯುತ್ತಿದ್ದರು. ಹುಡುಗನಿಗೆ ಹೇಳಬೇಡಿ."

ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಸಂಶಯ ನಿಜವಾಗಿತ್ತು, ಬಾಯಿ ಬಿಡುವಂತಿರಲಿಲ್ಲ! ಸಂಜೆ ಈಯನ್ ಬಂದು, "ಅಂಕಲ್, ಕೋಟೆಗೆ ಆಧಾರ ಸಿಕ್ಕಿತೇ?" ಎಂದಾಗ, "ಅತ್ಯಂತ ವಿಶ್ವಸನೀಯ ಮೂಲದಿಂದ" ಎಂದೆ. ಸುಶೀಲೆ ಬೆರಗಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಈಯನ್‌ಗೆ ಕನ್ನಡ ಓದಲು ಬಾರದೆಂಬ ಧೈರ್ಯದಿಂದ ಇಷ್ಟೆಲ್ಲ ಬರೆದಿದ್ದೇನೆ. ಆದರೆ ಕಳೆದ ವಾರದಿಂದ ಅವನು ಅತ್ತೆಯ ಬಳಿ ಕನ್ನಡ ಕಲಿಯತೊಡಗಿದ್ದಾನೆ. ಮೊದಲ ಪಾಠ ಅಕ್ಷರಮಾಲೆ. ಎರಡನೆಯ ಪಾಠ ಈ ಲೇಖನವಂತೆ!