ಓವನ್ನಿನ ಮುಂದೆ ಹೆಣ್ಣು ನೋಡುವ ಶಾಸ್ತ್ರ

ನಾನು ನಿಂತಿದ್ದು ತಾಂಡ್ಯದ ಒಂದು ಕಾರ್ಖಾನೆಯ ಪ್ರಯೋಗಾಲಯದ ಹೊರಗೆ, ಅದರ ಗಾಜಿನ ಕಿಟಕಿಯಿಂದ ಎರಡು ಮಾರು ದೂರದಲ್ಲಿ. 1997ರ ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಹೇಳಿದರೆ ನಮ್ಮ ನೆಂಟರೇ ನಂಬುವುದಿಲ್ಲ. ಹೆಣ್ಣು ನೋಡಲು ತಾನು ಹೋಗದೆ, ಹೆಣ್ಣನ್ನೇ ಕಾರ್ಖಾನೆಗೆ ಬರಮಾಡಿಕೊಂಡ ಗಂಡು ನಂಜನಗೂಡು ತಾಲ್ಲೂಕಿನಲ್ಲಿ ನನ್ನ ಸೋದರಮಾವ ಒಬ್ಬರೇ! ಅದೂ ಕೊಬ್ಬಿನಿಂದಲ್ಲ, ಓವನ್ ಬಿಟ್ಟು ಬರಲಾರದೆ.

ಮಾವ ಅಲ್ಲಿ ಕೆಮಿಸ್ಟ್. ನಾನು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಹೊಸ ಪುಡಿಯೊಂದು ತಯಾರಾದರೆ ಅದನ್ನು ಮಾಮೂಲಿ ಸರಕಿನಂತೆ ಲಾರಿಗೆ ಹೇರಬಹುದೋ, ಅಪಾಯದ ಸರಕೆಂದು ಚೀಟಿ ಅಂಟಿಸಬೇಕೋ ಎಂದು ಹೇಳುವುದು ಅವರ ಕೆಲಸ. ಪುಡಿಯನ್ನು ಫ್ಲಾಸ್ಕಿನಂಥ ಪಾತ್ರೆಗೆ ತುಂಬಿ ಓವನ್ನಿನಲ್ಲಿ ಒಂದೇ ಹದದ ಬಿಸಿಯಲ್ಲಿ ಒಂದು ವಾರ ಇಡಬೇಕು. ಓವನ್ನಿನಷ್ಟೇ ಬಿಸಿಯಾಗಿ ಸುಮ್ಮನಿದ್ದರೆ ಅದು ಸಾಧು. ಓವನ್ನಿಗಿಂತ ತಾನೇ ಹೆಚ್ಚು ಬಿಸಿಯಾಗತೊಡಗಿದರೆ, ಒಳಗೊಳಗೇ ಕೆಡುತ್ತಿದೆ, ಮೂಟೆಗಟ್ಟಲೆ ಒಟ್ಟಿದರೆ ಒಂದು ದಿನ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಅರ್ಥ.

ಈ ವಿದ್ಯೆಯನ್ನು ಮಾವ ಗೇಟಿನಲ್ಲೇ ಬಿಟ್ಟು ಬಂದಿದ್ದರೆ ನಮಗೇನೂ ತೊಂದರೆಯಿರಲಿಲ್ಲ. ನಮ್ಮೂರು ಹೆಮ್ಮರಗಾಲದ ಮನೆಗೆ ಬಂದರೆ ತಿಪ್ಪೆಗೂ ಥರ್ಮಾಮೀಟರ್, ಹುಲ್ಲಿನ ಮೆದೆಗೂ ಥರ್ಮಾಮೀಟರ್. ನೆಂಟರನ್ನೂ ವಿಂಗಡಿಸಿದ್ದರು. ನಮ್ಮಪ್ಪ ಯಾರಾದರೂ ಕೆಣಕಿದರೆ ಬಿಸಿಯಾಗುತ್ತಾರೆ, ಕೆಣಕಿದವರು ಎದ್ದುಹೋದರೆ ಆರುತ್ತಾರೆ. ಆದ್ದರಿಂದ ಮಾಮೂಲಿ ಸರಕು. ನಮ್ಮ ಅಜ್ಜಿ, ಅಂದರೆ ಮಾವನ ಹೆತ್ತತಾಯಿ, ಕೆಣಕಿದವರು ಹೋದ ಮೇಲೂ ಒಬ್ಬರೇ ಕೂತು ಬಿಸಿಯಾಗುತ್ತಾ ಹೋಗುತ್ತಾರೆ. ತಂಪಾದ ಜಾಗದಲ್ಲಿ, ಅಕ್ಕಪಕ್ಕದವರಿಂದ ದೂರ ಇಡತಕ್ಕದ್ದು!

ಅಜ್ಜಿ ಬಿಸಿಯಾಗಲು ಕಾರಣವೂ ಇತ್ತು. ಮಾವನಿಗೆ ನಲವತ್ತು ಹತ್ತಿರವಾಗಿತ್ತು. ಹೆಣ್ಣು ನೋಡಲು ದಿನ ಗೊತ್ತಾದಾಗಲೆಲ್ಲ ಓವನ್ನಿನಲ್ಲಿ ಯಾವುದಾದರೂ ಪುಡಿ ಕೂತಿರುತ್ತಿತ್ತು. ನಡುವೆ ಕರೆಂಟು ಹೋಗಿ ಜನರೇಟರೂ ಕೈಕೊಟ್ಟರೆ ವಾರದ ಲೆಕ್ಕ ಮತ್ತೆ ಮೊದಲಿಂದ. ಸಂಬಂಧಗಳು ಒಂದೊಂದಾಗಿ ತಪ್ಪಿ ಕೊನೆಗೆ ಉಳಿದದ್ದು ಟಿ. ನರಸೀಪುರದ್ದು. ಇದೂ ತಪ್ಪಿದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲವೆಂದು ಅಜ್ಜಿ ಹೇಳಿಯಾಗಿತ್ತು. ಮಾವ ಈ ಸಲವೂ ಬರಲಾಗುವುದಿಲ್ಲವೆಂದು ಹೇಳಿಕಳಿಸಿದರು.

“ಒಲೆ ಮುಂದೆ ನಾನೂ ವರ್ಸಾನುಗಟ್ಲೆ ಕುಂತಿವ್ನಿ. ನಂಗೆ ಮದ್ವೆ ಆಗ್ನಿಲ್ವಾ?” ಎಂದರು ಅಜ್ಜಿ.

ನಾನು ಹೋಗಿ ಬೇಡಿಕೊಂಡೆ. ಓವನ್ನನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ಒಂದು ಗಳಿಗೆ ಬಂದು ಹೋಗಿ ಎಂದೆ. ಬಿಸಿ ತೋರಿಸುವ ಮುಳ್ಳಿನಿಂದ ಕಣ್ಣು ತೆಗೆಯದೆ ಮಾವ ಹೇಳಿದರು: “ಲಾರಿ ಕ್ಲೀನರ್ ಈ ಮೂಟೆ ಮೇಲೇ ಮಲಗ್ತಾನೆ ಕಣೋ. ಅವನು ನಮ್ಮನ್ನ ಏನೂ ಕೇಳಲ್ಲ. ಮಲಗ್ತಾನೆ, ಅಷ್ಟೇ.”

ಹೆಣ್ಣಿನ ತಂದೆ ಮೇಷ್ಟರು. ಗಂಡಿಗೆ ತಲೆ ಸರಿಯಿದೆಯೇ ಎಂದು ಕಣ್ಣಾರೆ ನೋಡಿಬಿಡೋಣವೆಂದು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ತಾಂಡ್ಯಕ್ಕೇ ಬಂದರು! ಅಜ್ಜಿ ಕ್ಯಾರಿಯರಿನಲ್ಲಿ ಕೇಸರಿಬಾತ್ ತಂದರು. ಕಿಟಕಿಯ ಕೆಳಗೆ ನಾನು ಬೆಂಚು ಹಾಕಿಸಿದೆ. ಒಳಗೆ ಯಾರೂ ಕಾಲಿಡಕೂಡದೆಂದು ಮಾವನ ಕಟ್ಟಪ್ಪಣೆ. ಅವರು ಬಾಗಿಲಲ್ಲಿ ನಿಂತು ಕೈಮುಗಿದರು. ಕೈ ಬೀಗರ ಕಡೆ, ಕಣ್ಣು ಮುಳ್ಳಿನ ಕಡೆ.

ಮೇಷ್ಟರು ಮಗಳ ಓದು, ಅಡುಗೆ, ಹಾಡು ಎಲ್ಲವನ್ನೂ ವರ್ಣಿಸಿದರು. ಮಾವ ಎಲ್ಲದಕ್ಕೂ ಹ್ಞೂಂ ಎಂದರು. ಆಗ ಬೆಂಚಿನ ಪಕ್ಕ ನಿಂತಿದ್ದ ಹುಡುಗಿ, ಭಾಗ್ಯ, ಒಳಗೆ ಇಣುಕಿ ಕೇಳಿದಳು: “ಆ ಮುಳ್ಳು ಮೇಲಕ್ಕೋದ್ರೆ ಏನಾಯ್ತದೆ?”

ಮಾವನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ವಿವರಿಸತೊಡಗಿದರು. ಓವನ್, ಫ್ಲಾಸ್ಕು, ಮೂಟೆ, ಕ್ಲೀನರ್. ಹೇಳುತ್ತಾ ಹೇಳುತ್ತಾ, ಆ ವಾರದಲ್ಲಿ ಮೊದಲ ಸಲ ಮುಳ್ಳನ್ನು ಮರೆತು ಹುಡುಗಿಯ ಮುಖ ನೋಡಿದರು. ಹುಡುಗಿ ನೋಡುತ್ತಿದ್ದದ್ದು ಮುಳ್ಳನ್ನು!

“ಮೇಲಕ್ಕೆ ಓಯ್ತಾ ಅದೆ,” ಎಂದಳು.

ಮಾವ ತಿರುಗಿ ನೋಡಿದರು. ಆದರೆ ಮೊದಲು ಬಂದದ್ದು ಮೇಷ್ಟರ ಕಡೆಗೆ. ಬೆಂಚಿನಿಂದ ಎಬ್ಬಿಸಿ, ಎರಡೂ ಕೈಯಿಂದ ಗೋಡೆಯ ಮರೆಗೆ ನೂಕಿದರು. ಬೀಗರನ್ನು ಹಾಗೆ ಬರಮಾಡಿಕೊಂಡ ಗಂಡನ್ನು ನಾನು ಬೇರೆ ಕಂಡಿಲ್ಲ. ನಾನು ಅಜ್ಜಿಯನ್ನೂ ಹುಡುಗಿಯನ್ನೂ ಎಳೆದುಕೊಂಡೆ. ಮಾವ ಬಾಗಿಲೊಳಗಿನ ಮೇನ್ ಸ್ವಿಚ್ಚಿಗೆ ಕೈ ಚಾಚಿದರು. ಆಗ ಸದ್ದಾಯಿತು. ಓವನ್ನಿನ ಬಾಗಿಲು ಕಿತ್ತು ಬಂದು ಕಿಟಕಿಗೆ ಬಡಿಯಿತು. ಗಾಜೆಲ್ಲ ಮೇಷ್ಟರು ಕೂತಿದ್ದ ಬೆಂಚಿನ ಮೇಲೆ ಸುರಿಯಿತು. ಇಂದಿಗೂ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಾನು ಗೋಡೆ ಹಿಡಿದುಕೊಳ್ಳುತ್ತೇನೆ.

ಹೊಗೆಯೊಳಗಿಂದ ಮಾವ ಹೊರಬಂದರು. ಹುಬ್ಬು ಇರಲಿಲ್ಲ. ಬಲಗೈ ಮೊಣಕೈವರೆಗೆ ಬೆಂದಿತ್ತು. ಈ ಪುಡಿಯನ್ನು ಮಾಮೂಲಿ ಸರಕಿನ ಜೊತೆ ಕಳಿಸುವ ಹಾಗಿಲ್ಲವೆಂದು ಸಮಾಧಾನದಿಂದ ನನಗೆ ಹೇಳಿ, ನೆಲದ ಮೇಲೆ ಕುಸಿದರು.

ಭಾಗ್ಯ ಅವರ ಹೆಗಲು ಹಿಡಿದು ಅಂಗಳದ ನಲ್ಲಿಯ ಬಳಿ ಕೂರಿಸಿ, ಸುಟ್ಟ ಕೈಯನ್ನು ನೀರಿಗೆ ಹಿಡಿದಳು. ಮೇಷ್ಟರು ಪಂಚೆ ಕೊಡವಿಕೊಂಡರು. ಬಸ್ಸಿಗೆ ಹೊತ್ತಾಯಿತು, ಏಳು ಎಂದು ಮಗಳನ್ನು ಕರೆದರು. ಅಜ್ಜಿ ಕೇಸರಿಬಾತಿನ ಕ್ಯಾರಿಯರ್ ಎತ್ತಿಕೊಂಡರು. ಇದೂ ತಪ್ಪಿತೆಂದು ನಾನೂ ತಿಳಿದೆ.

ಅವಳು ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ನೀವು ಓಗಿರಪ್ಪ. ಈ ಕೈ ಇನ್ನೂ ಉರೀತಾ ಅದೆ.”

ಮೇಷ್ಟರು ಬಗ್ಗಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು.

ಅಜ್ಜಿಯೂ ಮೇಷ್ಟರೂ ಈಗಿಲ್ಲ. ಮಾವನೂ ಹೋದರು. ಅಂದು ಅದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಇನ್ನೂ ಇರುವವರು ಭಾಗ್ಯತ್ತೆ ಒಬ್ಬರೇ.