ಹಮ್ರಾ ದಿಬ್ಬದ ಸೈಲೆನ್ಸರ್ ಆಯ್ಕೆ ಸಮಿತಿ

ಹಮ್ರಾ ಮರಳು ಓಟ ಸಂಘದ ಇಪ್ಪತ್ತೆರಡು ವರ್ಷಗಳ ದಾಖಲೆಯ ಪ್ರಕಾರ ಇಲ್ಲಿ ಇದುವರೆಗೆ ಯಾವ ಸವಾರನೂ ಸೋತಿಲ್ಲ. ಪ್ರತಿ ವರ್ಷವೂ ಸೋತಿರುವುದು ಸೈಲೆನ್ಸರ್ ಪೈಪು. ದಾಖಲೆ ಬರೆಯುವವನು ನಾನೇ ಆದ್ದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನನ್ನ ಹೆಸರು ತೈರಾಬ್. ಸುಡಾನಿನವನು, ಸಂಘದ ಗುಮಾಸ್ತ, ಎಮಿರೇಟ್ಸಿನ ಈ ಊರಿನ ಮರಳು ತಿಂದು ತಲೆ ನೆರೆದವನು. ಎಲ್ಲರೂ ಉಸ್ತಾದ್ ಎನ್ನುತ್ತಾರೆ, ಹಾಗಂತ ಯಾರೂ ನನ್ನ ಮಾತು ಕೇಳುವುದಿಲ್ಲ.

ಓಟವೆಂದರೆ ಬಹಳ ಸರಳ. ಚಳಿಗಾಲದ ಒಂದು ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ನಾಲ್ಕು ಗಾಲಿಯ ಬೈಕುಗಳು ಹಮ್ರಾ ದಿಬ್ಬದ ಬುಡದಿಂದ ನೆತ್ತಿಗೆ ಏರಬೇಕು. ಹತ್ತು ಸೆಕೆಂಡಿನ ಕೆಲಸ. ಆ ಹತ್ತು ಸೆಕೆಂಡಿನ ಬಗ್ಗೆ ಉಳಿದ ವರ್ಷವೆಲ್ಲ ಜಗಳ. ಉದ್ದ ಪೈಪು ಹಾಕಿದರೆ ಬುಡದಲ್ಲಿ ಎಳೆತ ಚೆನ್ನ, ಗಿಡ್ಡ ಪೈಪು ಹಾಕಿದರೆ ನೆತ್ತಿಯ ಹತ್ತಿರ ಓಟ ಚೆನ್ನ. ಉದ್ದದವನು ಸೋತರೆ "ಗಿಡ್ಡ ಹಾಕಬೇಕಿತ್ತು" ಎನ್ನುತ್ತಾನೆ. ಗಿಡ್ಡದವನು ಏನನ್ನುತ್ತಾನೆಂದು ಬರೆದು ಕಾಗದ ಹಾಳು ಮಾಡುವುದಿಲ್ಲ.

ಈ ಜಗಳವನ್ನು ಶಾಶ್ವತವಾಗಿ ಕೊನೆಗಾಣಿಸುವ ಸಲುವಾಗಿ ಸಂಘವು ಕಳೆದ ವರ್ಷ ಕೆಳಕಂಡ ಪ್ರಕಟಣೆ ಹೊರಡಿಸಿತು:

"ಈ ಮೂಲಕ ಸಮಸ್ತ ಸವಾರರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಎಲ್ಲ ಬೈಕುಗಳಿಗೂ ಸಂಘವು ಆರಿಸಿದ ಸೈಲೆನ್ಸರ್ ಪೈಪನ್ನೇ ಅಳವಡಿಸತಕ್ಕದ್ದು. ಪೈಪನ್ನು ಆರಿಸಲು ಐದು ಮಂದಿ ಹಿರಿಯರ ಸಮಿತಿಯನ್ನು ರಚಿಸಲಾಗಿದೆ. ಸದರಿ ಐವರಲ್ಲಿ ಯಾರೂ ಇದುವರೆಗೆ ಬೈಕು ಹತ್ತಿಲ್ಲವಾದ ಕಾರಣ ಸಮಿತಿಯು ಸಂಪೂರ್ಣ ನಿಷ್ಪಕ್ಷಪಾತವಾಗಿದೆ."

ಅಧ್ಯಕ್ಷರು ಬು ಗಾನಿಮ್. ನಲವತ್ತು ವರ್ಷ ಒಂಟೆ ಓಟ ನಡೆಸಿದ ಮನುಷ್ಯ. ದೊಡ್ಡ ಮನಸ್ಸು, ಅತಿಥಿಗಳನ್ನು ಕೂರಿಸಲು ದೊಡ್ಡ ಮಜ್ಲಿಸು, ಮಾತು ಕೊಟ್ಟರೆ ತಪ್ಪುವ ಜಾಯಮಾನವೇ ಅಲ್ಲ. ಆ ಕೊನೆಯ ಗುಣವೇ ನಮಗೆ ಮುಳುವಾಯಿತು ಎಂದು ಬರೆಯಲು ನನಗೆ ಅಧಿಕಾರವಿಲ್ಲ.

ಈಗ ಮುಸಬ್ಬಹನ ವಿಷಯ. ಅಲ್ಲಿಯ ತನಕ ಹನ್ನೊಂದು ವರ್ಷ ಓಡಿದ್ದ, ಹನ್ನೊಂದು ಸಲವೂ ಎರಡನೇ ಸ್ಥಾನ. ಸಂಘದ ನಿಯಮದಂತೆ ನಲವತ್ತು ತುಂಬಿದವನು ದಿಬ್ಬ ಏರುವಂತಿಲ್ಲ. ಅವನಿಗೆ ಆಗ ಮೂವತ್ತೊಂಬತ್ತು. ಅಂದರೆ ಅದೇ ಕೊನೆಯ ಓಟ. ಸೋತಾಗ ಪೈಪನ್ನು ಬೈಯದೆ "ನಾನೇ ಗೇರು ತಡವಾಗಿ ಹಾಕಿದೆ" ಎಂದವನು ಊರಲ್ಲಿ ಅವನೊಬ್ಬನೇ. ದಾಖಲೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆ ಸಲ ಅವನು ಗ್ಯಾರೇಜಿನ ಖಲ್ಫಾನನ ಜೊತೆ ಕೂತು ಹದಿನಾಲ್ಕು ತಿಂಗಳು ಒಂದು ಜೊತೆ ಪೈಪು ಮಾಡಿಸಿದ್ದ. ತಗಡು ಸುತ್ತುವುದು, ಬೆಸೆಯುವುದು, ದಿಬ್ಬಕ್ಕೆ ಹೋಗಿ ಏರಿಸಿ ನೋಡುವುದು, ಕತ್ತರಿಸುವುದು, ಮತ್ತೆ ಬೆಸೆಯುವುದು. ಬುಡದಲ್ಲಿ ಎಳೆತವೂ ಬೇಕು, ನೆತ್ತಿಯಲ್ಲಿ ಓಟವೂ ಬೇಕು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಇಪ್ಪತ್ಮೂರನೆಯ ಜೊತೆ. ಅದೇ ವಾರ ಪ್ರಕಟಣೆ ಹೊರಬಿತ್ತು.

"ಹೆದರಬೇಡ ಕಣೋ" ಎಂದ ಖಲ್ಫಾನ್. "ಸಮಿತಿಯೋರು ಪರೀಕ್ಷೆ ಮಾಡ್ತಾರಲ್ಲ, ಒಂದ್ಸಲ ಇದರ ಸದ್ದು ಕೇಳಲಿ ಸಾಕು."

ಪರೀಕ್ಷೆ ಬು ಗಾನಿಮರ ಮಜ್ಲಿಸಿನಲ್ಲಿ ನಡೆಯಿತು. ಮಜ್ಲಿಸಿನೊಳಗೆ ಎಂಜಿನ್ ಚಾಲೂ ಮಾಡುವುದು ಅತಿಥಿಗಳಿಗೆ ಅಗೌರವವಾದ್ದರಿಂದ ಪೈಪುಗಳನ್ನು ಮಾತ್ರ ತರಿಸಿ ರತ್ನಗಂಬಳಿಯ ಮೇಲೆ ಸಾಲಾಗಿ ಮಲಗಿಸಲಾಯಿತು. ಸೈಲೆನ್ಸರಿನ ಕೆಲಸ ಹೊಗೆ ಬಿಡುವುದು ಎಂದು ನಾನು ಸಮಿತಿಗೆ ವಿವರಿಸಿದೆ. ಸಮಿತಿ ಅದನ್ನು ಗಂಭೀರವಾಗಿ ಪರಿಗಣಿಸಿತು. ಅತಿಥಿಗಳ ಗಡ್ಡಕ್ಕೆ ಪರಿಮಳ ಹಿಡಿಸುವ ಬಖೂರಿನ ಧೂಪದ ಬಟ್ಟಲನ್ನು ಪೈಪಿನ ಒಂದು ತುದಿಗೆ ಹಿಡಿದು, ಇನ್ನೊಂದು ತುದಿಯಲ್ಲಿ ಐವರೂ ಸರದಿಯಂತೆ ಗಡ್ಡ ಒಡ್ಡಿದರು.

ಹಾರಿಬನ ಪೈಪಿನಿಂದ ಹೊಗೆ ನಿಧಾನವಾಗಿ, ಮೆಲ್ಲಮೆಲ್ಲನೆ ಬಂತು. ಹಾರಿಬ್ ಪೈಪು ತರಿಸಿ ಮಾರುವ ವ್ಯಾಪಾರಿ, ತಾನೂ ಸವಾರ, ಮುಸಬ್ಬಹನನ್ನು ಎಂಟು ಸಲ ಹಿಂದೆ ಹಾಕಿದವನು. ಒಬ್ಬ ಸದಸ್ಯರ ಕಣ್ಣಲ್ಲಿ ನೀರೇ ಬಂತು. ಮುಸಬ್ಬಹನ ಪೈಪಿಗೆ ಬಟ್ಟಲು ಹಿಡಿಯುತ್ತಿದ್ದಂತೆ ಹೊಗೆ ಭರ್ರನೆ ನುಗ್ಗಿ ಹೊರಗೆ ಹೋಯಿತು, ಗಡ್ಡ ಒಡ್ಡಲು ವೇಳೆಯೇ ಸಿಗಲಿಲ್ಲ.

"ಇದು ಅವಸರದ ಪೈಪು" ಎಂದರು ಬು ಗಾನಿಮ್.

"ಓಟಕ್ಕೆ ಅವಸರನೇ ಬೇಕಲ್ವಾ ದೊಡ್ಡಪ್ಪ?" ಎಂದ ಮುಸಬ್ಬಹ್.

"ಬೇಕು ಮಗನೇ. ಆದ್ರೂ ಮನೆಗೆ ಬಂದದ್ದು ಒಂದು ಗಳಿಗೆ ನಿಲ್ಲಬೇಕು."

ನಾನು "ಅವಸರದ ಪೈಪು, ಶಿಷ್ಟಾಚಾರ ಸಾಲದು" ಎಂದು ಬರೆದುಕೊಂಡೆ.

ಇಷ್ಟಾದರೂ ಆಯ್ಕೆ ಇನ್ನೂ ಆಗಿರಲಿಲ್ಲ, ಮತ್ತು ಹೊಗೆಯ ಅಂಕಗಳನ್ನು ಯಾರೂ ಕೂಡಿಸಲೂ ಇಲ್ಲ. ಏಕೆಂದರೆ ಅಷ್ಟರಲ್ಲಿ ಕಾಫಿ ಬಂತು. ಹಾರಿಬ್ ತನ್ನ ಲೋಟವನ್ನು ತೆಗೆದುಕೊಂಡು, ತುಟಿಗೆ ಮುಟ್ಟಿಸದೆ ನೆಲದ ಮೇಲೆ ಇಟ್ಟು ಸುಮ್ಮನೆ ಕೂತ. ಎಲ್ಲರೂ ಲೋಟದತ್ತ ತಿರುಗಿದರು. ಕಾಫಿ ಮುಟ್ಟದೆ ಕೆಳಗಿಟ್ಟ ಅತಿಥಿಗೆ ಏನೋ ಬೇಡಿಕೆ ಇದೆ ಎಂದರ್ಥ. ಆ ಕಾಫಿ ಆರಿಹೋದರೆ ಮನೆಯ ಯಜಮಾನನ ಮಾನವೂ ಅದರ ಜೊತೆಗೆ ಹೋದಂತೆ. ಬು ಗಾನಿಮರ ಮನೆಯಲ್ಲಿ ಅಜ್ಜನ ಕಾಲದಿಂದ ಯಾವ ಕಾಫಿಯೂ ಆರಿಲ್ಲ.

"ಕುಡಿ, ನಿನ್ನ ಕೆಲಸ ಆಯ್ತು" ಎಂದರು ತಕ್ಷಣ.

ಹಾರಿಬ್ ಕುಡಿದ. ಕುಡಿದ ಮೇಲೆ ಹೇಳಿದ: "ನನ್ನ ಪೈಪನ್ನೇ ಆರಿಸಬೇಕು."

ಆರಿಸಲಾಯಿತು. ಇಲ್ಲಿಗೆ ಸಮಿತಿಯ ಕೆಲಸ ಮುಗಿಯಿತೆಂದು ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಾರಿಬನ ಷಡ್ಡಕ ಲೋಟ ಕೆಳಗಿಟ್ಟ. ಅವನದೂ ಒಂದು ಪೈಪು ಇತ್ತು. ಆರಿಸಲಾಯಿತು. ಸೂರ್ಯ ಮುಳುಗುವ ಹೊತ್ತಿಗೆ ಏಳು ಪೈಪುಗಳು ಏಕೈಕ ಪೈಪಾಗಿ ಆಯ್ಕೆಯಾಗಿದ್ದವು. ಏಳನೆಯದು ಒಬ್ಬರ ಮನೆ ಕಟ್ಟುವಾಗ ಉಳಿದ ನೀರಿನ ಪೈಪು. ಬಖೂರಿನ ಹೊಗೆ ಅದರಿಂದಲೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು ಎಂಬುದನ್ನು ನ್ಯಾಯವಾಗಿ ದಾಖಲಿಸಬೇಕು.

ಖಲ್ಫಾನ್ ಮುಸಬ್ಬಹನ ತೊಡೆ ಚಿವುಟಿದ. "ಇಡೋ, ನೀನೂ ಇಡೋ ಲೋಟ!"

"ಓಟದಲ್ಲಿ ಬೇಡಿ ತಗೊಳ್ಳೋದು ಏನಿದೆ?" ಎಂದು ಮುಸಬ್ಬಹ್ ಕಾಫಿ ಕುಡಿದು, ಸಾಕೆಂದು ಲೋಟ ಅಲ್ಲಾಡಿಸಿ ವಾಪಸು ಕೊಟ್ಟ. ಹೀಗೆ ಊರಿನ ಸಮಸ್ತ ಪೈಪುಗಳಲ್ಲಿ ಆಯ್ಕೆಯಾಗದೆ ಉಳಿದದ್ದು ಅವನದೊಂದೇ. ನಾನು ಅವನ ಪೈಪನ್ನು ಇನ್ನೊಮ್ಮೆ ಒರೆಸಿ ಗಂಬಳಿಯ ಮೇಲೆ ಇಟ್ಟೆ. ಅದನ್ನು ನಡಾವಳಿಯಲ್ಲಿ ಸೇರಿಸಲಿಲ್ಲ.

ಮರುದಿನ ತಿದ್ದುಪಡಿ ಹೊರಟಿತು: "ಆಯ್ಕೆಯಾದ ಏಳೂ ಪೈಪುಗಳನ್ನು ಪ್ರತಿಯೊಂದು ಬೈಕಿನ ಮೇಲೂ ಇರಿಸತಕ್ಕದ್ದು."

ಖಲ್ಫಾನ್ ಗ್ಯಾರೇಜಿನಿಂದ ಎಣ್ಣೆಗೈಯಲ್ಲೇ ಓಡಿಬಂದ. "ಬು ಗಾನಿಮ್, ಎಂಜಿನ್ನಿಗೆ ಇರೋದು ಎರಡೇ ತೂತು! ಏಳು ಪೈಪು ಎಲ್ಲಿಗೆ ಸಿಕ್ಕಿಸಲಿ?"

ಸಮಿತಿ ತುರ್ತು ಸಭೆ ಸೇರಿತು. ಎರಡು ತೂತಿಗೆ ಯಾವ ಪೈಪು ಸಿಕ್ಕಿಸುವುದು ಎಂಬುದು ಸವಾರನಿಗೂ ದೇವರಿಗೂ ಬಿಟ್ಟ ವಿಷಯ. ಉಳಿದವನ್ನು ಗೌರವಾರ್ಥವಾಗಿ ಹಗ್ಗದಲ್ಲಿ ಬಿಗಿದರೆ ಸಾಕು. ಇದೇ ತೀರ್ಮಾನ. ಸಿಕ್ಕಿಸುವ ಪೈಪು ಆ ಏಳರಲ್ಲೇ ಒಂದಾಗಿರಬೇಕು ಎಂದು ಬರೆಯಲು ನಾನು ಮರೆತೆ. ಮರೆತೆ ಎಂದೇ ಇಟ್ಟುಕೊಳ್ಳಿ.

ಸಭೆ ಮುಗಿದ ಮೇಲೆ ನಾನು ಮೆಲ್ಲಗೆ ಹೇಳಿದೆ: "ಬು ಗಾನಿಮ್, ಮೊದಲು ಏನು ಬೇಕೂಂತ ಕೇಳಿ, ಆಮೇಲೆ ಮಾತು ಕೊಡಬಹುದಲ್ಲ?"

"ಕೇಳಿ ಕೊಡೋದು ಅಂಗಡಿ ವ್ಯವಹಾರ, ಉಸ್ತಾದ್. ಕೇಳದೆ ಕೊಡೋದು ಮನೆತನ."

"ಹಾಗಾದ್ರೆ ಓಟ ಮುಗಿಯೋ ತನಕ ಕಾಫಿ ನಿಲ್ಲಿಸೋಣವೇ?"

ಅವರು ನನ್ನನ್ನು ನೋಡಿದ ರೀತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಬುಧವಾರ ಹಾರಿಬ್ ಮತ್ತೆ ಬಂದ. ಏಳು ಪೈಪಿನ ಭಾರ ಹೊತ್ತು ದಿಬ್ಬ ಏರಿದರೆ ದುಬಾರಿ ಎಂಜಿನ್ ಸುಟ್ಟುಹೋಗುತ್ತದೆಂದು ಅವನಿಗೆ ಹೊಳೆದಿತ್ತು. ಲೋಟ ಕೆಳಗಿಟ್ಟ.

"ಕುಡಿ, ಆಯ್ತು."

"ನನಗೆ ಮೊದಲನೇ ಸ್ಥಾನ ಬೇಕು."

ಬು ಗಾನಿಮರ ಮುಖ ಒಂದು ಕ್ಷಣ ಹುಣಸೆ ತಿಂದಂತಾಯಿತು. ಆದರೆ ಮಾತು ಹೊರಟಾಗಿತ್ತು. ಗುರುವಾರ ಮಧ್ಯಾಹ್ನದೊಳಗೆ ಸುದ್ದಿ ತಿಳಿದು, ಮುಸಬ್ಬಹನೊಬ್ಬನ ಹೊರತು ಉಳಿದ ಏಳು ಸವಾರರೂ ಬಂದು ಕಾಫಿ ಕೆಳಗಿಟ್ಟು ಹೋದರು. ಓಟಕ್ಕೆ ಒಂದು ದಿನ ಮುಂಚಿತವಾಗಿಯೇ ಎಂಟು ಮೊದಲ ಸ್ಥಾನಗಳು ಮಂಜೂರಾದವು. ಇಷ್ಟು ದಕ್ಷತೆಯಿಂದ ಫಲಿತಾಂಶ ಸಿದ್ಧವಾದದ್ದು ಸಂಘದ ಇತಿಹಾಸದಲ್ಲಿ ಇದೇ ಮೊದಲು.

ವಿಷಯವನ್ನು ಮುಸಬ್ಬಹನಿಗೆ ತಿಳಿಸಲು ನಾನೇ ಗ್ಯಾರೇಜಿಗೆ ಹೋದೆ. ಅವನು ತನ್ನ ಇಪ್ಪತ್ಮೂರನೆಯ ಜೊತೆಯನ್ನು ಎಂಜಿನ್ನಿಗೆ ಸಿಕ್ಕಿಸಿ, ಗೌರವಾರ್ಥದ ಏಳನ್ನು ಹಿಂದೆ ಕಟ್ಟುತ್ತಿದ್ದ.

"ಮೊದಲ ಸ್ಥಾನ ಎಲ್ಲ ಹಂಚಿಹೋಯ್ತಪ್ಪ. ನಾಳೆ ಏರಿದ್ರೂ ಅಷ್ಟೇ, ಏರದಿದ್ರೂ ಅಷ್ಟೇ. ಈಗಲಾದ್ರೂ ಹೋಗಿ ಒಂದು ಲೋಟ ಇಟ್ಟು ಬಾ."

"ಉಸ್ತಾದ್, ನಾಳೆ ದಿಬ್ಬ ಇರುತ್ತಲ್ಲ?"

"ಇರುತ್ತೆ."

"ಸರಿ, ಆ ಹಗ್ಗದ ತುದಿ ಸ್ವಲ್ಪ ಎಳೆದು ಹಿಡೀರಿ."

ಶುಕ್ರವಾರ ಹಮ್ರಾ ದಿಬ್ಬದ ಬುಡದಲ್ಲಿ ಒಂಬತ್ತು ಬೈಕು ಸಾಲಾಗಿ ನಿಂತವು. ಎಂಟು ಜನ ಪೈಪುಗಳಿಗೆ ಬಣ್ಣದ ಕುಚ್ಚು ಕಟ್ಟಿ, ಫೋಟೋ ತೆಗೆಸಿಕೊಂಡು, ಎಂಜಿನ್ ಚಾಲೂ ಮಾಡದೆ ಗೆದ್ದವರ ಗತ್ತಿನಲ್ಲಿ ಕೂತಿದ್ದರು. ಬಾವುಟ ಬಿತ್ತು. ಮುಸಬ್ಬಹನ ಬೈಕೊಂದೇ ಕಿರುಚಿತು. ಹಿಂದೆ ಕಟ್ಟಿದ ಏಳು ಪೈಪಿನ ಭಾರಕ್ಕೆ ಹಿಂಗಾಲಿಗಳು ಮರಳನ್ನು ಎಂದೂ ಕಚ್ಚದಷ್ಟು ಕಚ್ಚಿದವು. ಮುಂಗಾಲಿಗಳು ಎದ್ದವು, ಅವನು ಹ್ಯಾಂಡಲಿನ ಮೇಲೆ ಹೊಟ್ಟೆ ಹಾಕಿ ಒತ್ತಿ ಹಿಡಿದ. ಬುಡದಲ್ಲಿ ಎಳೆಯಿತು, ನೆತ್ತಿಯ ಹತ್ತಿರ ಓಡಿತು. ಎಂಟೂವರೆ ಸೆಕೆಂಡು! ಆ ದಿಬ್ಬವನ್ನು ಯಾರೂ ಅಷ್ಟು ಬೇಗ ಏರಿರಲಿಲ್ಲ. ಖಲ್ಫಾನ್ ತಲೆವಸ್ತ್ರ ಬೀಸುತ್ತ ಅತ್ತೇಬಿಟ್ಟ. ನಾನು ಗಡಿಯಾರ ಹಿಡಿದು ಕುಣಿದೆ, ಈ ವಯಸ್ಸಿಗೆ ಅದು ಶೋಭೆಯಲ್ಲ.

ಆಮೇಲೆ ಫಲಿತಾಂಶ ಓದಿದೆ. ಮೊದಲನೇ ಸ್ಥಾನ: ಎಂಟು ಮಂದಿ. ಎರಡನೇ ಸ್ಥಾನ: ಮುಸಬ್ಬಹ್.

ಯಾರೂ ಆಕ್ಷೇಪಿಸಲಿಲ್ಲ. ಮೊದಲ ಬಹುಮಾನವಾದ ಪಿಕಪ್ಪನ್ನು ಎಂಟು ಜನ ವಾರಕ್ಕೊಂದು ದಿನದಂತೆ ಓಡಿಸುವುದೆಂದೂ, ವಾರಕ್ಕೆ ಏಳೇ ದಿನವಿರುವುದರಿಂದ ಎಂಟನೆಯವನಿಗೆ ಎರಡು ಈದ್ ಹಬ್ಬಗಳೆಂದೂ ಸಮಿತಿ ಇತ್ಯರ್ಥ ಮಾಡಿತು. ಎಲ್ಲರೂ ಮುಸಬ್ಬಹನ ಬೆನ್ನು ತಟ್ಟಿದರು. "ಪಾಲುದಾರರಿಲ್ಲದ ಸ್ಥಾನ ಮಾರಾಯ, ಪುಣ್ಯವಂತ ನೀನು" ಎಂದ ಹಾರಿಬ್, ಮನಸಾರೆ.

ಸಂಜೆ ಮಜ್ಲಿಸಿನಲ್ಲಿ ಖಬ್ಸಾ ಮಾಂಸದನ್ನದ ತಟ್ಟೆ ಎತ್ತಿದ ಮೇಲೆ ಕಾಫಿ ಬಂತು. ಮುಸಬ್ಬಹ್ ಲೋಟ ತೆಗೆದುಕೊಂಡ. ತುಟಿಗೆ ಮುಟ್ಟಿಸದೆ ನೆಲದ ಮೇಲೆ ಇಟ್ಟ.

ಬು ಗಾನಿಮರ ಕಣ್ಣು ತೇವವಾಯಿತು. ಅವರೂ ದಿಬ್ಬದ ಕೆಳಗೆ ನಿಂತು ನೋಡಿದ್ದರು. "ಕುಡಿ ಮಗನೇ. ಎಷ್ಟು ದೊಡ್ಡದಾದ್ರೂ ಸರಿ, ಆಯ್ತು" ಎಂದರು. ಒಂಬತ್ತನೆಯ ಮೊದಲ ಸ್ಥಾನಕ್ಕೆಂದು ನಾನು ಪೆನ್ನಿನ ಮುಚ್ಚಳ ತೆಗೆದೆ.

ಮುಸಬ್ಬಹ್ ಕುಡಿದ. "ನನಗೆ ಇನ್ನೊಂದು ವರ್ಷ ಬೇಕು."

"ಥೂ ನಿನ್ನ! ಮೊದಲನೇ ಸ್ಥಾನ ಕೇಳೋದು ಬಿಟ್ಟು!" ಎಂದು ಖಲ್ಫಾನ್ ಹಣೆ ಚಚ್ಚಿಕೊಂಡ.

"ಕೇಳಿ ತಗೊಂಡದ್ದು ಎಂಟು ಜನರ ಹತ್ರ ಇದೆ. ನನಗೆ ಗೆದ್ದದ್ದು ಬೇಕು."

ಮರುದಿನವೇ ನಿಯಮ ಹೊರಟಿತು: "ಸವಾರ ಮುಸಬ್ಬಹ್ ಇವರ ವಯಸ್ಸನ್ನು, ಸದರಿಯವರು ಗೆಲ್ಲುವ ತನಕ, ಮೂವತ್ತೊಂಬತ್ತು ಎಂದೇ ಪರಿಗಣಿಸತಕ್ಕದ್ದು." ಊರು ಇದನ್ನು ಸಂತೋಷದಿಂದ ಒಪ್ಪಿದೆ. ಅವನ ಹೆಂಡತಿ, ಅವನಿಗಿಂತ ಎರಡು ವರ್ಷ ಚಿಕ್ಕವಳು, ತನಗೂ ಇಂಥದೊಂದು ನಿಯಮ ಸಿಗಬಹುದೇ ಎಂದು ಕೇಳಿಕಳಿಸಿದ್ದಾಳೆ. ಅರ್ಜಿ ಪರಿಶೀಲನೆಯಲ್ಲಿದೆ.

ಈ ಚಳಿಗಾಲದ ಓಟಕ್ಕೆ ಇನ್ನೂ ಎರಡು ತಿಂಗಳಿದೆ. ಮೊದಲ ಸ್ಥಾನಗಳು ಹದಿನಾಲ್ಕು, ಎಲ್ಲವೂ ಈಗಾಗಲೇ ಮಂಜೂರಾಗಿವೆ. ಮುಸಬ್ಬಹನಿಗೂ ಅದು ಗೊತ್ತು. ನಿನ್ನೆ ಗ್ಯಾರೇಜಿಗೆ ಹೋಗಿದ್ದೆ. ಪೈಪನ್ನು ಇನ್ನೆರಡು ಬೆರಳು ಗಿಡ್ಡ ಮಾಡಿದರೆ ಎಂಟು ಸೆಕೆಂಡಿಗೆ ಇಳಿಯಬಹುದೇ ಎಂದು ಇಬ್ಬರೂ ಜಗಳವಾಡುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರು. ಒಂದೂವರೆ ಬೆರಳು ಸಾಕು ಎಂದೆ.