ಹೇಳಿದ್ದನ್ನೇ ಕೇಳುವ ಅಕ್ಕ

ನಮ್ಮ ಅಕ್ಕನಷ್ಟು ಅಪಾಯಕಾರಿ ವ್ಯಕ್ತಿ ಅರವತ್ತರ ದಶಕದ ಇಚಲಕರಂಜಿಯಲ್ಲಿ ಇನ್ನೊಬ್ಬರಿರಲಿಲ್ಲ. ಬೈಯುತ್ತಿದ್ದಳೇ? ಕದಿಯುತ್ತಿದ್ದಳೇ? ಛೇ, ಅಷ್ಟಾದರೆ ಸಹಿಸಬಹುದಿತ್ತು. ಜನ ಆಡಿದ ಮಾತನ್ನು ಅವಳು ನಿಜವೆಂದು ತಿಳಿಯುತ್ತಿದ್ದಳು!

ನಮ್ಮ ಕಡೆ ಹೊರಡುವವರು ‘ಹೋಗ್ತೇನಿ’ ಎನ್ನುವುದಿಲ್ಲ, ಅದು ಅಪಶಕುನ. ‘ಬರ್ತೇನ್ರಿ’ ಎಂದೇ ಹೋಗಬೇಕು. ಅಕ್ಕನಿಗೆ ಏಳು ವರ್ಷವಿದ್ದಾಗ ಸೋದರತ್ತೆಯೊಬ್ಬಳು ಹಾಗೆಂದು ಹೋದಳು. ಇವಳು ಬಾಗಿಲು ಹಿಡಿದು ನಿಂತಳು. ಊಟಕ್ಕೆ ಕರೆದರೆ, “ಬರ್ತೇನಿ ಅಂದಾರ, ಇನ್ನೂ ಬಂದಿಲ್ಲ” ಎಂಬ ಉತ್ತರ. ಆರು ತಿಂಗಳ ಮೇಲೆ ಸೋದರತ್ತೆ ಮತ್ತೆ ಬಂದಾಗ ಅಕ್ಕ ಅವಳ ಮುಖ ನೋಡದೆ ಗೋಡೆಗೆ ಹೇಳಿದಳು: “ಎಷ್ಟ ತಡಾ ಮಾಡಿದ್ರಿ!” ಪಾಪ, ಆಕೆ ಚಹಾ ಕೂಡ ಕುಡಿಯದೆ ಎದ್ದಳು. ಈ ಸಲ ಏನೂ ಹೇಳದೆಯೇ ಹೋದಳು.

ಇನ್ನು ಊಟದ ಮರ್ಯಾದೆ. ಬಡಿಸಲು ಬಂದರೆ ಅತಿಥಿ ಮೂರು ಸಲ ‘ಬ್ಯಾಡ್ರಿ’ ಅನ್ನಬೇಕು, ನಾಲ್ಕನೆಯ ಸಲ ತಿನ್ನಬೇಕು. ಕೊಲ್ಹಾಪುರದ ಹಿರಿಯರೊಬ್ಬರ ಮೊದಲನೇ ‘ಬ್ಯಾಡ್ರಿ’ಗೇ ಅಕ್ಕ ಹೋಳಿಗೆಯ ತಾಟು ಎತ್ತಿಕೊಂಡು ಒಳಗೆ ನಡೆದಳು. ಹಿರಿಯರ ಕಣ್ಣುಗಳು ಆ ಹೋಳಿಗೆಯನ್ನು ಅಡುಗೆಮನೆಯವರೆಗೂ ಬೀಳ್ಕೊಟ್ಟವು!

ಇದಕ್ಕೊಂದು ಹೆಸರಿದೆಯೆಂದು ಆಗ ನಮಗೆ ಗೊತ್ತಿರಲಿಲ್ಲ. ಹಾಗಾಗಿ ಊರವರೇ ದಿನಕ್ಕೊಂದು ಹೆಸರಿಟ್ಟರು. ಡಾಕ್ಟರೊಬ್ಬರು ಅವಳತ್ತ ಸರಿಯಾಗಿ ನೋಡದೆಯೇ ಮರಾಠಿಯಲ್ಲಿ “ಲಾಡಾನ ಬಿಘಡಲಿ” ಎಂದರು, ಮುದ್ದಿನಿಂದ ಕೆಟ್ಟಿದ್ದಾಳಂತೆ. ಅಪ್ಪಿಕೊಳ್ಳಲೂ ಬಿಡದ ಮಗಳನ್ನು ಅವ್ವ ಯಾವಾಗ ಮುದ್ದು ಮಾಡಿದ್ದಳೋ, ಆ ಡಾಕ್ಟರಿಗೇ ಗೊತ್ತು!

ನನಗೆ ಹದಿನೆಂಟಾದಾಗ ಗಡಹಿಂಗ್ಲಜದವರು ಕನ್ಯೆ ನೋಡಲು ಬಂದರು. ಇಂಥ ಅಕ್ಕ ಮದುವೆಯಿಲ್ಲದೆ ಮನೆಯಲ್ಲಿದ್ದಾಳೆಂದರೆ ಸಂಬಂಧ ಮುರಿಯುತ್ತದೆ, ಅವಳನ್ನು ಬಚ್ಚಿಡೋಣ ಎಂದು ಹಿರಿಯರು ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ. ನೂಲಿನ ಗಂಟು ಇಡುವ ಕೋಣೆಗೆ ಅವಳನ್ನು ನಾನೇ ಒಯ್ದು, “ನಾ ಕರಿಯೂತನಕ ಹೊರಗ ಬರಬ್ಯಾಡ” ಎಂದೆ.

ಗಂಡಿನ ತಾಯಿ ಕೇಳಿದರು: “ಅಕ್ಕತಂಗೇರು ಎಷ್ಟ ಮಂದಿ?”

“ಯಾರೂ ಇಲ್ರಿ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಒಪ್ಪಿಗೆಯಾಯಿತು. ಸಕ್ಕರೆ ಹಂಚಿದರು. ಆ ಸಂಭ್ರಮದಲ್ಲಿ ಅಕ್ಕನನ್ನು ಮರೆತೇಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ನೆನಪಾಗಿ ಓಡಿದೆ. ಕೋಣೆಗೆ ಚಿಲಕ ಕೂಡ ಹಾಕಿರಲಿಲ್ಲ. ಬೆಳಗ್ಗೆ ನಿಲ್ಲಿಸಿದ ಜಾಗದಲ್ಲೇ ನಿಂತಿದ್ದಳು. ತುಟಿ ಒಣಗಿತ್ತು, ಸೀರೆ ಒದ್ದೆಯಾಗಿತ್ತು.

“ಯಾರೂ ಇಲ್ಲ ಅಂದಿ,” ಎಂದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದಳು. “ಹಂಗಾರ ನಾ ಇಲ್ಲೇನು?”

ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಮುಟ್ಟಿದರೆ ಚೀರುತ್ತಾಳೆಂದು ಒಂದು ಗೇಣು ದೂರ ಕೂತು ಅತ್ತುಬಿಟ್ಟೆ. ಆಮೇಲೆ ಅವಳಿಗೆ ನೀರು, ಒಣ ಸೀರೆ ಕೊಟ್ಟು, ಅಪ್ಪನ ಮುಂದೆ ಕಾಗದ ತಂದಿಟ್ಟೆ.

“ಗಡಹಿಂಗ್ಲಜಕ್ಕ ಬರೀರಿ ಅಪ್ಪಾ, ನನಗೊಬ್ಬಾಕಿ ಅಕ್ಕ ಅದಾಳ ಅಂತ.”

“ಸಂಬಂಧ ಮುರದ್ರ?”

“ಮುರದ್ರ ಮುರೀಲಿ. ಆಕಿ ಅದಾಳ.”